ಎಂಜಲು ನೂಲು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಚ್‌ಐವಿ ನನಗೆ ಹೇಗೆ ಬಂತು ಅನ್ನುವುದು ಈ ಬರಹದಲ್ಲಿ ಇಲ್ಲ. ನನ್ನ ಗಂಡನಿಗೂ ಇತ್ತು, ನನಗೂ ಇದೆ. ಅವರಿಂದ ನನಗೋ ನನ್ನಿಂದ ಅವರಿಗೋ, ರಕ್ತ ಪರೀಕ್ಷೆಯ ಚೀಟಿ ಅದನ್ನು ಹೇಳುವುದಿಲ್ಲ. ಸಕ್ಕರೆ ಕಾಯಿಲೆಯವರನ್ನು ಯಾರೂ ಹಾಗೆ ಕೇಳುವುದಿಲ್ಲ, ನನ್ನನ್ನೂ ಕೇಳಬೇಡಿ. ನಾನು ಬರೆಯಲು ಹೊರಟಿರುವುದು ನನ್ನ ಬಾಯಿಯ ಬಗ್ಗೆ. ಹಲ್ಲು, ಒಸಡು, ನಾಲಿಗೆ. ಈ ಕಾಯಿಲೆ ಇರುವವರು ಬಾಯಿಯ ಮೇಲೆ ಒಂದು ಕಣ್ಣಿಟ್ಟಿರಬೇಕು ಎಂದು ಆಸ್ಪತ್ರೆಯಲ್ಲಿ ನನಗೆ ಹೇಳಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ನಾನು ಟೈಲರ್. ಪೆರಿಕಲ್ಲೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಒಂದು ಹೊಲಿಗೆ ಮೆಷೀನು, ಒಂದು ಕತ್ತರಿಸುವ ಮೇಜು, ಗೋಡೆಗೆ ಒಂದು ಕನ್ನಡಿ. ಮಲಯಾಳದಲ್ಲಿ ಅಳತೆ ತೆಗೆಯುತ್ತೇನೆ, ಕನ್ನಡದಲ್ಲಿ ಬೈದುಕೊಂಡು ಹೊಲಿಯುತ್ತೇನೆ. ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ನನ್ನ ಅತ್ತೆ. ಮನೆ, ಹಿತ್ತಲು, ಹಸು ಎಲ್ಲ ಅತ್ತೆಯ ಹೆಸರಿನಲ್ಲಿದೆ. ಗಂಡ ತೀರಿಕೊಂಡು ಏಳು ವರ್ಷವಾಯಿತು. ನನಗೆ ತವರು ಅಂತ ಉಳಿದಿಲ್ಲ. ಅತ್ತೆ ಒಂದು ದಿನ ‘ಹೊರಡು’ ಅಂದರೆ ಮೆಷೀನು ತಲೆಯ ಮೇಲೆ ಹೊತ್ತು ಎಲ್ಲಿಗೆ ಹೋಗಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ.

ಅತ್ತೆಗೆ ನಾವು ಹೇಳಿದ್ದು ಟಿ.ಬಿ. ಎಂದು. ನಿಮ್ಮ ಮಗನಿಗೆ ಟಿ.ಬಿ. ಆಗಿತ್ತು, ಶ್ವಾಸಕೋಶ ಹಾಳಾಯಿತು. ಅದೇನು ಪೂರ್ತಿ ಸುಳ್ಳಲ್ಲ, ಕೊನೆಗೆ ಟಿ.ಬಿ.ಯೂ ಬಂದಿತ್ತು. ಅದಕ್ಕಿಂತ ಮುಂಚಿನದನ್ನು ನಾವಿಬ್ಬರೂ ಮುಚ್ಚಿಟ್ಟೆವು. ಅವರು ಹೋದಮೇಲೆ ಮುಚ್ಚಿಡುವ ಕೆಲಸ ನನ್ನೊಬ್ಬಳ ಪಾಲಿಗೆ ಬಂತು.

ಅವರು ಇದ್ದಾಗಲೇ ನಾನು ಆರಿಸಿಕೊಂಡಿದ್ದ ಉಪಾಯ ನಮ್ಮೂರಿನವರಿಗೆ ಮಾತ್ರ ಹೊಳೆಯುವಂಥದ್ದು. ಪೆರಿಕಲ್ಲೂರಿನ ಕಡವಿನಲ್ಲಿ ದೋಣಿ ಹತ್ತಿ ಕಬಿನಿ ದಾಟಿದರೆ ಆಚೆ ದಡ ಕರ್ನಾಟಕ. ಈ ದಡದಲ್ಲಿ ರೇಷನ್ ಕಾರ್ಡು, ಓಟು, ಗಿರಾಕಿಗಳು. ಯಾರಿಗೂ ತಿಳಿಯಬಾರದ್ದು ಆಚೆ ದಡದಲ್ಲಿ. ಎರಡು ತಿಂಗಳಿಗೊಮ್ಮೆ ಲೈನಿಂಗ್ ಬಟ್ಟೆ, ಗುಂಡಿ, ಹುಕ್ಕು ತರಲು ಮೈಸೂರಿಗೆ ಎಂದು ಹೇಳಿ ಬೆಳಗಿನ ದೋಣಿ ಹತ್ತುತ್ತಿದ್ದೆ. ಲೈನಿಂಗೂ ತರುತ್ತಿದ್ದೆ, ಅದರ ಮಡಿಕೆಯೊಳಗೆ ಅಲ್ಲಿನ ಆಸ್ಪತ್ರೆ ಕೊಡುವ ಎಚ್‌ಐವಿ ಮಾತ್ರೆಯ ಡಬ್ಬಿಯೂ ಬರುತ್ತಿತ್ತು. ಲೇಬಲ್ ಕಿತ್ತು, ಡಬ್ಬಿಯನ್ನು ಬಾಬಿನ್‌ಗಳ ಜೊತೆ ಮೆಷೀನಿನ ಡ್ರಾಯರಿನಲ್ಲಿ ಇಡುತ್ತಿದ್ದೆ. ಎಂಟು ವರ್ಷ ಹೀಗೇ ನಡೆಯಿತು. ನನ್ನಷ್ಟು ಜಾಣೆ ಇಲ್ಲ ಎಂದುಕೊಂಡಿದ್ದೆ.

ಆ ವರ್ಷ ಜೂನ್‌ನಲ್ಲಿ ಮಳೆ ಹಿಡಿಯಿತು. ಹೊಳೆ ತುಂಬಿತು, ದೋಣಿ ನಿಂತಿತು. ಜೂನ್ ಅಂದರೆ ಯೂನಿಫಾರಂ ಕಾಲ. ಮೂರು ಶಾಲೆಯ ಮಕ್ಕಳ ಅಂಗಿ, ಚೂಡಿದಾರ್ ಮೇಜಿನ ಮೇಲೆ ಗುಡ್ಡೆ ಬಿದ್ದಿತ್ತು. ಬತ್ತೇರಿಗೆ ಹೋಗಿ, ಗುಂಡ್ಲುಪೇಟೆಯ ಮೇಲೆ ಮೈಸೂರು ಬಸ್ಸು ಹಿಡಿಯಬಹುದಿತ್ತು. ಆದರೆ ಅದಕ್ಕೆ ಎರಡು ದಿನ ಬೇಕು. ಇಷ್ಟು ಕೆಲಸ ಬಿಟ್ಟು ಲೈನಿಂಗ್ ತರಲು ಮಳೆಯಲ್ಲಿ ಎರಡು ದಿನ ಯಾಕೆ ಎಂದು ಅತ್ತೆ ಕೇಳಿದರೆ ಉತ್ತರ ಇರಲಿಲ್ಲ. ಡಬ್ಬಿಯಲ್ಲಿ ಹದಿನಾರು ಮಾತ್ರೆ ಇತ್ತು.

ನಮ್ಮ ಕಸುಬಿನವರಿಗೆ ಒಂದು ಚಾಳಿ. ಬಟ್ಟೆ ಕಡಿಮೆ ಬಿದ್ದರೆ ವಾಪಸು ಕೊಡುವುದಿಲ್ಲ, ಹೊಂದಿಸುತ್ತೇವೆ. ತೋಳಿನಲ್ಲಿ ಅರ್ಧ ಇಂಚು, ಮಡಿಕೆಯಲ್ಲಿ ಅರ್ಧ ಇಂಚು ಕದ್ದು, ಒಳಗೊಂದು ಜೋಡು ಕೊಟ್ಟು ರವಿಕೆ ಮುಗಿಸುತ್ತೇವೆ. ಹಾಕಿಕೊಂಡವರಿಗೆ ಗೊತ್ತೇ ಆಗುವುದಿಲ್ಲ. ಮಾತ್ರೆಗೂ ನಾನು ಅದನ್ನೇ ಮಾಡಿದೆ. ದಿನ ಬಿಟ್ಟು ದಿನ ಒಂದು. ಹದಿನಾರು ದಿನದ್ದು ಒಂದು ತಿಂಗಳು ಬಂತು. ಒಳ್ಳೆ ಕೈಚಳಕ ಎಂದು ಒಳಗೊಳಗೇ ಬೀಗಿದ್ದೂ ನಿಜ, ಇಂಥ ದಡ್ಡಿ ನಾನು.

ಆಮೇಲೆ ದೋಣಿ ಮತ್ತೆ ಶುರುವಾಯಿತು. ಆದರೆ ಹೋಗಲು ಕಾಲು ಬರಲಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ ಬರಬೇಕಾದ ದಿನ ಬರೆದಿರುತ್ತಾರೆ. ಎಂಟು ವರ್ಷದಲ್ಲಿ ಒಂದು ದಿನವೂ ತಪ್ಪಿಸದವಳು ಈಗ ಯಾವ ಮುಖ ಹೊತ್ತು ಹೋಗಲಿ? ಅವರು ಫೋನ್ ಮಾಡಿದರು. ನಂಬರು ನೋಡಿ ಕತ್ತರಿಸಿದೆ. ಮತ್ತೆ ಮಾಡಿದರು, ಮತ್ತೆ ಕತ್ತರಿಸಿದೆ. ಓಣಂ ಬಂತು, ಓಣಂ ರವಿಕೆಗಳು ಬಂದವು. ಮಾತ್ರೆ ಒಂದೂ ಇಲ್ಲದೆ ಎರಡು ತಿಂಗಳು ಕಳೆಯಿತು. ಮೈಗೆ ಏನೂ ಆಗಲಿಲ್ಲ ಎಂದುಕೊಂಡೆ.

ಮೊದಲು ಗೊತ್ತಾಗಿದ್ದು ನೂಲಿನಿಂದ. ಸೂಜಿಗೆ ನೂಲು ಪೋಣಿಸುವಾಗ ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡುತ್ತೇವಲ್ಲ, ದಿನಕ್ಕೆ ನೂರು ಸಲ, ಯೋಚನೆಯೇ ಇಲ್ಲದೆ. ಒಂದು ಮಧ್ಯಾಹ್ನ ನೂಲು ಒದ್ದೆಯಾಗಲಿಲ್ಲ. ಬಾಯಲ್ಲಿ ಉಗುಳೇ ಇರಲಿಲ್ಲ. ನೀರು ಕುಡಿದೆ. ಹತ್ತು ನಿಮಿಷಕ್ಕೆ ಮತ್ತೆ ಒಣಗಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆಮೇಲೆ ಒಸಡು. ಹಲ್ಲುಜ್ಜಿದರೆ ರಕ್ತ, ಉಜ್ಜದಿದ್ದರೂ ರಕ್ತ. ಎಡಗಡೆಯ ಒಂದು ದವಡೆ ಹಲ್ಲು ಅಲ್ಲಾಡತೊಡಗಿತು. ನೂಲು ಕಚ್ಚಿ ಕಡಿಯುವುದು ಆ ಕಡೆಯಿಂದಲೇ. ನಾಲಿಗೆ ಅಲ್ಲಿಗೇ ಹೋಗುತ್ತಿತ್ತು, ಬೇಡವೆಂದರೂ ಹೋಗುತ್ತಿತ್ತು. ಊಟ ಮಾಡುವಾಗ, ಅಳತೆ ತೆಗೆಯುವಾಗ, ನಿದ್ದೆಯಲ್ಲೂ. ಕೂತಲ್ಲಿ ಕೂರಲಾಗದೆ ಮೆಷೀನಿನಿಂದ ಎದ್ದು ಬಾಗಿಲಿಗೆ, ಬಾಗಿಲಿನಿಂದ ಕನ್ನಡಿಗೆ ಓಡಾಡುತ್ತಿದ್ದೆ. ಒಂದು ದಿನ ಕನ್ನಡಿಯಲ್ಲಿ ಬಾಯಿ ತೆರೆದು ನೋಡಿದರೆ ಕೆನ್ನೆಯ ಒಳಗೆ, ನಾಲಿಗೆಯ ಮೇಲೆ ಮೊಸರು ಒಡೆದಂತೆ ಬಿಳಿ ಬಿಳಿ. ಬೆರಳಿನಿಂದ ಕೆರೆದರೆ ಅಡಿಯಲ್ಲಿ ಕೆಂಪು.

ಅತ್ತೆಯ ಕಣ್ಣಿಗೆ ಬಿತ್ತು. ನಾನು ಗಂಜಿಯ ಮುಂದೆ ಕೂತು ಅಳುತ್ತಿದ್ದೆ. ಬಿಸಿ ತಡೆಯಲಾಗುತ್ತಿರಲಿಲ್ಲ, ಉಪ್ಪು ತಡೆಯಲಾಗುತ್ತಿರಲಿಲ್ಲ.

‘ಏನ್ ಕೂಸೇ ಅದು? ಬಾಯಿ ತೋರ್ಸು.’

‘ಏನಿಲ್ಲ ಅತ್ತಮ್ಮ. ಗುಂಡುಸೂಜಿ ಚುಚ್ಚಿದ್ದು.’

‘ಬಾಯ್ ತುಂಬಾ ಸೂಜಿ ಕಚ್ಕೊಂಡು ಕೂರಬ್ಯಾಡ ಅಂತ ಎಷ್ಟ್ ಕಿತಾ ಹೇಳ್ದೆ? ತುಕ್ಕು ಹಿಡಿದ್ ಸೂಜಿ. ಈಗ್ ನೋಡು, ನಂಜಾಗದೆ.’

ನಂಜು ಎಂದು ಅವರೇ ಹೆಸರಿಟ್ಟುಕೊಟ್ಟರು, ನಾನು ಕೈ ಮುಗಿದು ತೆಗೆದುಕೊಂಡೆ. ದಿನಾ ಬೆಳಿಗ್ಗೆ ಬಾಯಿಗೆ ಬೆಣ್ಣೆ ಸವರುತ್ತಿದ್ದರು. ತಣ್ಣಗಿನ ಗಂಜಿ ಸೋಸಿ ಕೊಡುತ್ತಿದ್ದರು. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸುವಾಗ ಅವರ ಕೈಯಲ್ಲಿ ಹಸುವಿನ ಹಾಲಿನ ವಾಸನೆ. ಆ ಕೈ ನನಗೆ ಬೇಕಾಗಿತ್ತು. ನಿಜ ಗೊತ್ತಾದರೆ ಆ ಕೈ ಹಿಂದೆ ಸರಿಯುತ್ತದೆ ಎಂದು ಹೆದರಿದ್ದೆ.

ಪುಲ್ಪಳ್ಳಿಯ ಒಂದು ಹಲ್ಲಿನ ಕ್ಲಿನಿಕ್ಕಿಗೆ ಹೋದೆ. ಬೇರೆ ಯಾವುದಾದರೂ ಕಾಯಿಲೆ ಇದೆಯಾ, ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಅವರು ಕೇಳಿದರು. ಇಲ್ಲ ಎಂದೆ. ಟೈಲರ್, ಬಾಯಲ್ಲಿ ಸೂಜಿ ಇಟ್ಟುಕೊಳ್ಳುತ್ತೇನೆ, ಗಾಯ ಎಂದೆ. ನಾನು ಕೊಟ್ಟ ಅಳತೆಗೆ ತಕ್ಕಂತೆ ಅವರು ಹೊಲಿದುಕೊಟ್ಟರು. ಗಾಯಕ್ಕೆ ಹಚ್ಚುವ ಒಂದು ಜೆಲ್. ಅವರದೇನೂ ತಪ್ಪಿಲ್ಲ. ಹಚ್ಚಿದ ಹಾಗೆಲ್ಲ ಬಿಳಿ ಹರಡಿತು. ಹತ್ತು ದಿನಕ್ಕೆ ಗಂಟಲಿಗಿಳಿಯಿತು. ನೀರು ನುಂಗಿದರೂ ಮುಳ್ಳು ಇಳಿದಂತೆ ಎದೆಯವರೆಗೂ ಉರಿ.

ಈಗ ಉಳಿದಿದ್ದು ಸರ್ಕಾರಿ ಆಸ್ಪತ್ರೆ. ಈ ದಡದ್ದು. ಆಚೆ ದಡಕ್ಕೆ ಹೋಗುವ ಶಕ್ತಿ ಮೈಯಲ್ಲಿ ಇರಲಿಲ್ಲ, ಧೈರ್ಯ ಮೊದಲೇ ಇರಲಿಲ್ಲ. ಹಲ್ಲಿನ ವಿಭಾಗದ ಮುಂದೆ ಟೋಕನ್ ಹಿಡಿದು ಕೂತೆ. ಶಾಲಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದೆ, ಬಾಯಿಯ ವಾಸನೆ ನನಗೇ ತಡೆಯಲಾಗುತ್ತಿರಲಿಲ್ಲ. ಪಕ್ಕದಲ್ಲಿ ಕೆನ್ನೆ ಊದಿದ ಒಬ್ಬ ಮುದುಕ. ಎದುರಿಗೆ ನಾನೇ ಯೂನಿಫಾರಂ ಹೊಲಿದುಕೊಟ್ಟ ಹುಡುಗಿಯ ತಾಯಿ. ‘ಟೈಲರ್ ಚೇಚಿ, ಏನಾಯ್ತು?’ ಅಂದಳು. ಇಲ್ಲಿ ಅಕ್ಕ ಅಂದರೆ ಚೇಚಿ. ‘ಹುಳುಕು’ ಅಂದೆ. ಎದ್ದು ನಲ್ಲಿಗೆ ಹೋದೆ, ಬಂದೆ. ಮತ್ತೆ ನಲ್ಲಿಗೆ ಹೋದೆ. ನನ್ನ ನಂಬರು ಕೂಗುವ ಮುಂಚೆ ಬಸ್ ಸ್ಟಾಂಡಿನಲ್ಲಿದ್ದೆ. ಎರಡು ದಿನ ಬಿಟ್ಟು ಮತ್ತೆ ಹೋದೆ, ಮತ್ತೆ ಓಡಿಬಂದೆ. ಬಾಗಿಲಿನೊಳಗೆ ಹೋಗಿ ಸುಳ್ಳು ಹೇಳಿದರೆ ಬಾಯಿ ಉಳಿಯುವುದಿಲ್ಲ, ನಿಜ ಹೇಳಿದರೆ ಮನೆ ಉಳಿಯುವುದಿಲ್ಲ. ನನ್ನ ತಲೆಯೊಳಗೆ ಆಗ ಓಡುತ್ತಿದ್ದದ್ದು ಇಷ್ಟೇ.

ಮೂರನೆಯ ಸಲ ಓಡಲು ಕಾಲಿನಲ್ಲಿ ಬಲ ಇರಲಿಲ್ಲ. ಕೂಗಿದರು, ಹೋದೆ.

ಡಾಕ್ಟರ್ ನನಗಿಂತ ಹದಿನೈದು ವರ್ಷ ಚಿಕ್ಕವರಿರಬೇಕು. ಮೂಗಿನಲ್ಲಿ ಸಣ್ಣ ಬೊಟ್ಟು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ದೀಪ ಎಳೆದು ಬಾಯಿ ತೆರೆಯಲು ಹೇಳಿದರು. ನಾನು ಬಾಯಿ ತೆರೆಯುವ ಬದಲು ಅವರ ಕೈ ಹಿಡಿದೆ. ಹೇಳಬೇಕಾದ ಮಾತನ್ನು ಅದುವರೆಗೆ ಮಲಯಾಳದಲ್ಲಿ ಒಂದು ಸಲವೂ ಹೇಳಿರಲಿಲ್ಲ. ಅದು ನನಗೆ ಆಚೆ ದಡದ ಮಾತು, ಕನ್ನಡದ ಮಾತು. ‘ಎನಿಕ್ಕ್ ಎಚ್‌ಐವಿ ಉಂಡ್,’ ಅಂದೆ. ನನಗೆ ಎಚ್‌ಐವಿ ಇದೆ. ಬೇರೆ ಯಾರೋ ಹೇಳಿದಂತೆ ಕೇಳಿಸಿತು.

ಈಗ ಕುರ್ಚಿ ಹಿಂದೆ ತಳ್ಳುತ್ತಾರೆ, ನರ್ಸಿಗೆ ಕಣ್ಸನ್ನೆ ಮಾಡುತ್ತಾರೆ ಎಂದು ಕಾದೆ. ಅವರು ದೀಪವನ್ನು ಇನ್ನಷ್ಟು ಹತ್ತಿರ ಎಳೆದರು.

‘ಶರಿ ಚೇಚಿ. ಮಾತ್ರೆ ತಗೊಳ್ತಿದ್ದೀರಾ?’

‘ತಗೊಳ್ತಿದ್ದೆ.’

‘ಎಲ್ಲಿಯವರೆಗೆ?’

ಹೇಳಿದೆ. ಹೊಳೆ, ದೋಣಿ, ಹದಿನಾರು ಮಾತ್ರೆ, ದಿನ ಬಿಟ್ಟು ದಿನ, ಆಮೇಲೆ ಏನೂ ಇಲ್ಲ. ಹೇಳುತ್ತ ಅಳು ಬಂತು, ಅಳುವಿನ ಉಪ್ಪು ಬಾಯಿಗೆ ತಾಗಿ ಉರಿಯಿತು. ಅವರು ಬೈಯಲಿಲ್ಲ. ಹತ್ತಿಯಲ್ಲಿ ನನ್ನ ತುಟಿ ಒರೆಸಿದರು. ಬಾಯಲ್ಲಿ ಬೆಳೆದಿರುವುದು ‘ಪೂಪ್ಪಲ್’ ಅಂದರು. ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ಹಿಡಿಯುವ ಬೂಷ್ಟಿಗೆ ನಾವು ಇಲ್ಲಿ ಹೇಳುವ ಮಾತೇ ಅದು. ನಾನು ಹಚ್ಚುತ್ತಿದ್ದ ಜೆಲ್‌ನಿಂದ ಅದು ಇನ್ನೂ ಹೆಚ್ಚಿತಂತೆ. ಇದಕ್ಕೆ ಮಾತ್ರೆ ಇದೆ, ಹೋಗುತ್ತದೆ. ಹಲ್ಲನ್ನು ಆಮೇಲೆ ಕೀಳೋಣ, ಈಗ ಬೇಡ. ಆದರೆ ಎಚ್‌ಐವಿಯ ಮಾತ್ರೆ ಮತ್ತೆ ಶುರು ಮಾಡದೆ ಇದೆಲ್ಲ ನಿಲ್ಲುವುದಿಲ್ಲ. ಹೊರಡುವಾಗ ನಾನು ಕೇಳಿದೆ, ನನಗೋಸ್ಕರ ಕೈಗವಸು ಎರಡು ಜೊತೆ ಹಾಕಿಕೊಳ್ಳುವುದಿಲ್ಲವಾ ಎಂದು. ‘ಎಲ್ಲರಿಗೂ ಒಂದೇ ಜೊತೆ,’ ಅಂದು ನಕ್ಕರು. ಆ ನಗೆಗೆ ನಾನು ಇವತ್ತಿಗೂ ಋಣಿ.

ಅದೇ ದಿನ ಆ ಔಷಧಿ ಕೊಡುವ ವಿಭಾಗಕ್ಕೆ ಕಳಿಸಿದರು. ಅಲ್ಲಿದ್ದ ಕೌನ್ಸೆಲರ್ ಮೇಡಂ ಆಚೆ ದಡದ ಆಸ್ಪತ್ರೆಗೆ ಫೋನ್ ಮಾಡಿ ಮಾತಾಡಿದರು. ರಕ್ತ ತೆಗೆದರು. ಇನ್ನು ಮೇಲೆ ಇಲ್ಲೇ ಮಾತ್ರೆ, ಹೊಳೆ ದಾಟಬೇಕಾಗಿಲ್ಲ. ಆದರೆ ಒಂದು ಮಾತು: ಮುಂದಿನ ಸಲ ಮನೆಯವರು ಒಬ್ಬರು ಬಂದರೆ ಒಳ್ಳೆಯದು. ಒಂಟಿಯಾಗಿ ಮುಚ್ಚಿಟ್ಟು ನುಂಗುವವರು ಯಾವತ್ತೋ ಒಂದು ದಿನ ನಿಲ್ಲಿಸಿಬಿಡುತ್ತಾರೆ ಅಂದರು. ಬಲವಂತ ಇಲ್ಲ, ಯೋಚನೆ ಮಾಡಿ. ಬಸ್ಸಿನಲ್ಲಿ ಯೋಚನೆ ಮಾಡಿದೆ. ಸೀಟು ಇದ್ದರೂ ನಿಂತೇ ಬಂದೆ.

ನಾಲ್ಕು ದಿನ ಸುಮ್ಮನಿದ್ದೆ. ಅಷ್ಟರಲ್ಲಿ ಬಿಳಿ ಕಡಿಮೆಯಾಗತೊಡಗಿತ್ತು, ಗಂಜಿಯ ಉಪ್ಪು ಉರಿಯಲಿಲ್ಲ. ಅತ್ತೆ ಖುಷಿಯಾಗಿ ‘ನೋಡ್ದಾ, ನನ್ ಬೆಣ್ಣೆ!’ ಅಂದರು. ಆ ಖುಷಿ ನೋಡಿ ತಡೆಯಲಾಗಲಿಲ್ಲ. ಬೆಣ್ಣೆಯಲ್ಲ ಅತ್ತಮ್ಮ, ಅಂದೆ. ಹಿತ್ತಲ ಬಾಗಿಲಲ್ಲಿ ಬೀನ್ಸು ಬಿಡಿಸುತ್ತ ಕೂತಿದ್ದವರ ಎದುರು ಕುಕ್ಕರುಗಾಲಿನಲ್ಲಿ ಕೂತು ನನ್ನ ಕಾಯಿಲೆಯ ಹೆಸರು ಹೇಳಿದೆ. ಅವರ ಒಂದು ಕಿವಿ ಮಂದ. ಇನ್ನೊಂದು ಕಿವಿಯ ಕಡೆ ತಿರುಗಿ ಎರಡನೆಯ ಸಲ ಹೇಳಬೇಕಾಯಿತು. ನನ್ನದಷ್ಟೇ ಹೇಳಿದೆ. ಅವರ ಮಗನ ಹೆಸರು ಎತ್ತಲಿಲ್ಲ.

ಅತ್ತೆ ಬೀನ್ಸಿನ ಮೊರ ಪಕ್ಕಕ್ಕೆ ಸರಿಸಿ ಎದ್ದು ಕೊಟ್ಟಿಗೆಗೆ ಹೋದರು. ಮಾರನೆಯ ಬೆಳಿಗ್ಗೆ ನನ್ನ ತಟ್ಟೆ, ಲೋಟ ಅಡುಗೆಮನೆಯ ಗೂಡಿನಲ್ಲಿ ಇರಲಿಲ್ಲ. ಮೆಷೀನಿನ ಪಕ್ಕದ ಕಿಟಕಿಯಲ್ಲಿ ಕವುಚಿಟ್ಟಿದ್ದರು. ಗಂಜಿಯನ್ನು ಪಾತ್ರೆಯಿಂದ ತಟ್ಟೆಗೆ ಎತ್ತರದಿಂದ ಸುರಿಯುತ್ತಿದ್ದರು, ಸೌಟು ತಾಗದ ಹಾಗೆ. ಗಲ್ಲ ಹಿಡಿದು ಬಾಯಿ ನೋಡುವುದು ನಿಂತಿತು. ನಾನು ಒಂದು ದಿನ ನೋಡಿದೆ, ಎರಡು ದಿನ ನೋಡಿದೆ. ಮೂರನೆಯ ದಿನ ನನ್ನ ಹಾಳು ಸಿಟ್ಟು ಏರಿತು. ಅವರ ಕಬ್ಬಿಣದ ಪೆಟ್ಟಿಗೆ ತೆರೆದು ಅದರಲ್ಲಿದ್ದ ರವಿಕೆಗಳನ್ನೆಲ್ಲ ತಂದು ಅವರ ಮುಂದೆ ಸುರಿದೆ.

‘ತಟ್ಟೆ ಒಂದೇ ಯಾಕೆ ಬೇರೆ ಇಟ್ರಿ? ಇವನ್ನೂ ಬೇರೆ ಇಡಿ. ಇಷ್ಟು ವರ್ಷದಿಂದ ಇವಕ್ಕೆ ಹುಕ್ಕು ಹೊಲಿದಿರೋದು, ಅಂಚು ಮಡಚಿರೋದು ಎಲ್ಲ ನನ್ನ ಬಾಯಲ್ಲಿ ಒದ್ದೆ ಮಾಡಿದ ನೂಲಿಂದ. ನನ್ನ ಎಂಜಲು ನೂಲು. ನಿಮ್ಮ ಮೈಮೇಲೇ ಅದೆ, ಈಗಲೂ ಅದೆ. ಬಿಚ್ಚಿ ಬಿಸಾಕಿ.’

ಅತ್ತೆ ತಮ್ಮ ಮೈಮೇಲಿದ್ದ ರವಿಕೆಯ ಕಡೆ ನೋಡಿಕೊಂಡರು. ಹುಕ್ಕಿನ ಪಟ್ಟಿಯ ಮೇಲೆ ಒಂದು ಬೆರಳಾಡಿಸಿದರು. ಆಮೇಲೆ ಕೇಳಿದರು.

‘ನೂಲಿಂದ ಬತ್ತದಾ?’

‘ಬರಲ್ಲ.’

‘ತಟ್ಟೆಯಿಂದ?’

‘ಬರಲ್ಲ ಅತ್ತಮ್ಮ. ಎಂಜಲಿಂದ ಬರಲ್ಲ.’

‘ಯಾರ್ ಹೇಳಿದ್ದು?’

‘ಡಾಕ್ಟರ್.’

‘ನೀ ಹೇಳದು ಬ್ಯಾಡ. ಇಷ್ಟ್ ವರ್ಸ ಸುಳ್ ಹೇಳ್ದೋಳು ನೀನು. ನಾನೇ ಬಂದು ಕೇಳ್ತೀನಿ.’

ಹಾಗೆ ಅವರು ನನ್ನ ಜೊತೆ ಹೊರಟರು. ಪ್ರೀತಿಯಿಂದಲ್ಲ, ವಿಚಾರಣೆಗೆ. ನನ್ನ ಹಲ್ಲು ಕೀಳುವ ದಿನವೂ ಅದೇ ಆಗಿತ್ತು. ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಒಗೆದ ಸೀರೆ ಉಟ್ಟು, ಬಸ್ಸಿನಲ್ಲಿ ನನಗಿಂತ ಎರಡು ಸೀಟು ಮುಂದೆ ಕೂತರು.

ಅತ್ತೆಗೆ ಸಂತೆಯ ಮಲಯಾಳ ಚೆನ್ನಾಗಿ ಬರುತ್ತದೆ. ಹಾಲಿನ ಅಳತೆ, ಬಸ್ಸಿನ ಹೊತ್ತು, ಜಗಳ, ಎಲ್ಲದಕ್ಕೂ ಸಾಕು. ಹಲ್ಲಿನ ಡಾಕ್ಟರ ಬಾಗಿಲು ಆವತ್ತು ಅರ್ಧ ತೆರೆದಿತ್ತು, ಹೊರಗೆ ಬೆಂಚಿನ ತುಂಬ ಜನ. ಕಿವಿ ಮಂದವಿರುವವರ ದೊಡ್ಡ ದನಿಯಲ್ಲಿ ಅತ್ತೆ ಶುರು ಮಾಡಿದರು. ಇವಳಿಗೆ ಎಚ್‌ಐವಿ ಇದೆಯಂತೆ, ಇವಳು ಬಾಯಲ್ಲಿಟ್ಟ ನೂಲಿನಿಂದ ಬರುತ್ತದಾ? ತಟ್ಟೆಯಿಂದ? ಬೆಣ್ಣೆ ಸವರಿದ ನನ್ನ ಬೆರಳಿಗೆ? ನಾನು ಅವರ ಸೆರಗು ಎಳೆದೆ. ಹೊರಗೆ ಮಾತು ನಿಂತುಹೋಯಿತು. ಎಂಟು ವರ್ಷ ದೋಣಿ ಹತ್ತಿ ಇಳಿದು ಕಾಪಾಡಿದ್ದು ಆ ಬಾಗಿಲಿನಲ್ಲಿ ಅರ್ಧ ನಿಮಿಷದಲ್ಲಿ ಮುಗಿಯಿತು. ನರ್ಸು ಹೋಗಿ ಬಾಗಿಲು ಹಾಕಿದರು, ತಡವಾಗಿತ್ತು.

ಡಾಕ್ಟರ್ ಅತ್ತೆಯನ್ನು ಸ್ಟೂಲಿನಲ್ಲಿ ಕೂರಿಸಿ ಸಾವಧಾನವಾಗಿ ಹೇಳಿದರು. ಬರುವುದಿಲ್ಲ ಅಮ್ಮೇ. ನೂಲಿನಿಂದಲೂ ಇಲ್ಲ, ತಟ್ಟೆಯಿಂದಲೂ ಇಲ್ಲ. ನಿಮ್ಮ ಬೆರಳಿಗೂ ಏನೂ ಆಗಿಲ್ಲ, ಅಷ್ಟು ಚಿಂತೆ ಇದ್ದರೆ ನಿಮ್ಮ ರಕ್ತವನ್ನೂ ನೋಡೋಣ. ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಇವರು ನಿಮ್ಮ ಹಾಗೇ ಮುದುಕಿಯಾಗುತ್ತಾರೆ. ಅತ್ತೆ ತಲೆಯಾಡಿಸುತ್ತಿದ್ದರು. ನನಗೆ ಸ್ವಲ್ಪ ಉಸಿರು ಬಂತು. ಮುಗಿಯಿತು, ಇನ್ನು ಹಲ್ಲು ಕೀಳಲಿ ಎಂದುಕೊಂಡೆ.

ಅತ್ತೆ ಏಳಲಿಲ್ಲ. ಇನ್ನೊಂದು ಕೇಳಬೇಕು ಅಂದರು. ಮಲಯಾಳದಲ್ಲಿ ಶುರು ಮಾಡಿದರು, ‘ಎಂಡೆ ಮೋನ್,’ ನನ್ನ ಮಗ, ಎಂದು. ಅಲ್ಲಿಗೆ ಮಾತು ನಿಂತಿತು. ಸಂತೆಯ ಮಲಯಾಳದಲ್ಲಿ ಮುಂದಿನ ಮಾತು ಇರಲಿಲ್ಲ. ನನ್ನ ಕಡೆ ತಿರುಗಿದರು.

‘ನೀ ಕೇಳು. ನನ್ ಮಗ ಸತ್ತಿದ್ದು ಇದೇ ಕಾಯ್ಲೇಲಿ ತಾನೆ? ಈ ಮಾತ್ರೆ ಅವನ್ಗೂ ಕೊಟ್ಟಿದ್ರೆ ಬದುಕ್ತಿದ್ನಾ ಅಂತ ಕೇಳು.’

ಮೂರು ದಿನ ಸೌಟು ಎತ್ತರ ಹಿಡಿದು ಗಂಜಿ ಸುರಿಯುವಾಗ ಅವರು ಲೆಕ್ಕ ಹಾಕುತ್ತಿದ್ದದ್ದು ನನ್ನ ಎಂಜಲಿನದ್ದಲ್ಲ. ಡಾಕ್ಟರಿಗೆ ಕನ್ನಡ ಬರುವುದಿಲ್ಲ, ಏನಂತೆ ಎನ್ನುವಂತೆ ನನ್ನ ಮುಖ ನೋಡಿದರು. ನಾನು ಬೇರೆ ಏನಾದರೂ ಕೇಳಬಹುದಿತ್ತು. ಪಥ್ಯ ಏನು ಎಂದು ಕೇಳಿ, ಅತ್ತೆಗೆ ‘ಇಲ್ಲವಂತೆ, ಅವರಿಗೆ ಟಿ.ಬಿ. ಜೋರಾಗಿತ್ತಂತೆ’ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಕೇಳಿದೆ. ಅವರು ಹೇಳಿದ ಹಾಗೇ, ಒಂದು ಮಾತೂ ಬಿಡದೆ ಮಲಯಾಳದಲ್ಲಿ ಕೇಳಿದೆ. ಡಾಕ್ಟರ್ ಕನ್ನಡಕ ತೆಗೆದು ಒರೆಸಿದರು. ನೋಡದ ರೋಗಿಯ ಬಗ್ಗೆ ಖಂಡಿತ ಹೇಳಲಾರೆ, ಆದರೆ ಆಗಲೂ ಈ ಮಾತ್ರೆ ಇತ್ತು, ಬೇಗ ಬಂದು ಬಿಡದೆ ತೆಗೆದುಕೊಂಡವರು ಬಹಳ ಮಂದಿ ಬದುಕಿದ್ದಾರೆ, ಅಂದರು. ನನ್ನ ಕಡೆ ಕೈ ತೋರಿಸಿ, ‘ಈ ಚೇಚಿಯ ಹಾಗೆ’ ಅಂದರು.

ಅದನ್ನೂ ನಾನೇ ಕನ್ನಡಕ್ಕೆ ತರಬೇಕಿತ್ತು. ‘ಬದುಕ್ತಿದ್ರು ಅತ್ತಮ್ಮ,’ ಅಂದೆ. ‘ನನ್ನ ಹಾಗೆ ಬದುಕ್ತಿದ್ರು.’

ಅತ್ತೆ ಅಳಲಿಲ್ಲ. ಸ್ಟೂಲಿನ ಅಂಚು ಹಿಡಿದು ಎದ್ದು ಹೊರಗೆ ಹೋದರು. ಡಾಕ್ಟರ್ ನನ್ನ ದವಡೆಗೆ ಮರಗಟ್ಟುವ ಸೂಜಿ ಹಾಕಿದರು, ಹಲ್ಲು ಕಿತ್ತರು. ಕಿತ್ತದ್ದು ಗೊತ್ತೇ ಆಗಲಿಲ್ಲ. ಹತ್ತಿ ಕಚ್ಚಿಕೊಂಡು ಹೊರಬಂದರೆ ಬೆಂಚಿನ ಜನ ನನ್ನನ್ನೇ ನೋಡುತ್ತಿದ್ದರು. ಒಬ್ಬಳು ಸರಿದು ಜಾಗ ಕೊಟ್ಟಳು. ದೂರವಾಗಲು ಸರಿದಳೋ ಕೂರಲಿ ಎಂದು ಸರಿದಳೋ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಕೆಲವು ಗಿರಾಕಿಗಳು ಬರುವುದು ಬಿಟ್ಟರು. ಕೆಲವರು ಬಂದು, ನೂಲು ಬಾಯಲ್ಲಿ ಇಡುತ್ತೀಯಾ ಎಂದು ನೇರ ಕೇಳಿದರು. ಈಗ ಒಂದು ಬಟ್ಟಲಿನಲ್ಲಿ ಒದ್ದೆ ಸ್ಪಂಜು ಇಟ್ಟುಕೊಂಡಿದ್ದೇನೆ, ಕಡಿಯಲು ಸಣ್ಣ ಕತ್ತರಿ. ಇದು ಯಾರ ಭಯಕ್ಕೂ ಅಲ್ಲ, ನನ್ನ ಉಳಿದ ಹಲ್ಲುಗಳಿಗಾಗಿ. ನಿಮ್ಮಲ್ಲೂ ಯಾರಾದರೂ ಶಾಲು ಬಾಯಿಗೊತ್ತಿಕೊಂಡು ಬೆಂಚಿನ ಕೊನೆಯಲ್ಲಿ ಕೂತಿದ್ದರೆ, ಓಡಬೇಡಿ. ನಾನು ಎರಡು ಸಲ ಓಡಿ ನೋಡಿದ್ದೇನೆ, ಬಸ್ ಸ್ಟಾಂಡಿನಲ್ಲಿ ಔಷಧಿ ಸಿಗುವುದಿಲ್ಲ.

ಮನೆಗೆ ಬಂದಮೇಲೆ ಅತ್ತೆ ಕೇಳಿದರು. ‘ನೀನು ದೋಣಿ ಹತ್ತಿ ಹೋದೆ. ಅವನ್ನ ಯಾಕ್ ಕರ್ಕೊಂಡ್ ಹೋಗ್ಲಿಲ್ಲ?’

ಕರೆದಿದ್ದೆ. ಎಷ್ಟು ಸಲ ಕರೆದಿದ್ದೆ. ಆಸ್ಪತ್ರೆಯಲ್ಲಿ ಯಾರಾದರೂ ನೋಡಿ ಅವ್ವನ ಕಿವಿಗೆ ಹಾಕುತ್ತಾರೆ, ಅವ್ವನಿಗೆ ಗೊತ್ತಾದರೆ ಹೊಳೆಗೆ ಬೀಳುತ್ತೇನೆ ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಹಾಕಿಸಿಕೊಂಡಿದ್ದರು. ನಾನು ಆಣೆ ಉಳಿಸಿಕೊಂಡೆ. ಅವರನ್ನು ಉಳಿಸಿಕೊಳ್ಳಲಿಲ್ಲ. ಇದನ್ನು ಅತ್ತೆಗೆ ಹೇಳಿದೆ, ಬಾಯಲ್ಲಿ ಇನ್ನೂ ಹತ್ತಿ ಇತ್ತು, ಮಾತು ತೊದಲುತ್ತಿತ್ತು.

‘ನನ್ಗೆ ಒಂದ್ ಮಾತು ಹೇಳಿದ್ರೆ ಆಯ್ತಿತ್ತು,’ ಅಂದರು. ‘ಒಂದೇ ಒಂದ್ ಮಾತು.’

ನನ್ನನ್ನು ಮನೆಯಿಂದ ಹೊರಡು ಎನ್ನಲಿಲ್ಲ. ಕ್ಷಮಿಸಿದ್ದೇನೆ ಎಂದೂ ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ಕೆಲವು ದಿನ ನನ್ನ ಜೊತೆ ಮಾತೇ ಆಡುವುದಿಲ್ಲ. ಆದರೆ ಸಂಜೆ ಏಳು ಗಂಟೆಗೆ ಹಾಲು ಕರೆದ ಕೈ ತೊಳೆದುಕೊಂಡು, ಒಂದು ಲೋಟ ನೀರು ಹಿಡಿದು ಮೆಷೀನಿನ ಹತ್ತಿರ ಬಂದು ನಿಲ್ಲುತ್ತಾರೆ. ನಾನು ಎಷ್ಟು ಅವಸರದಲ್ಲಿದ್ದರೂ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸುತ್ತಾರೆ. ಮೊದಲ ಸಂಜೆ ನಾನು ಮಾತ್ರೆ ಬಾಯಿಗೆ ಹಾಕಿ ನೀರು ಕುಡಿದಮೇಲೂ ಅವರು ಹೋಗಲಿಲ್ಲ.

‘ನಾಲ್ಗೆ ಎತ್ತು,’ ಅಂದರು.

ಎತ್ತಿದೆ. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಮಾತ್ರೆ ಒಳಗಿಳಿದಿದೆಯೋ ಇಲ್ಲವೋ ಎಂದು ಎರಡೂ ಕೆನ್ನೆ ನೋಡಿದರು. ಹೋಗುವಾಗ ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆ ಹೇಳಿದರು.

‘ಹೇಳಿದ್ರೆ ಅವನ್ ಮುಂದೂ ನಾನು ಹಿಂಗೇ ನಿಂತ್ಕೊತಿದ್ದೆ.’